ಮೇಸ್ತ್ರಿಗೆ ಕಡೆಯ ಖೋಲಿ

ರಾಮಮೂರ್ತಿನಗರದ ಮೇನ್ ರೋಡಿನಲ್ಲಿ ನನ್ನದೊಂದು ಹಾರ್ಡ್‌ವೇರ್ ಅಂಗಡಿ ಇದೆ. ಅಪ್ಪ ಹಾಕಿದ್ದು, ನಾನು ನಡೆಸುತ್ತಿದ್ದೇನೆ. ಗಲ್ಲಾದ ಹಿಂದೆ ಹೆಂಗಸು ಕೂತಿರುವುದನ್ನು ಕಂಡ ಹೊಸ ಗಿರಾಕಿಗಳು "ಸಾರ್ ಇಲ್ವಾ?" ಎಂದು ಕೇಳುತ್ತಾರೆ. "ಸಾರ್ ಸಮಾಧಿಯಲ್ಲಿ ಮಲಗಿದ್ದಾರೆ, ನಿಮಗೇನು ಬೇಕು ಹೇಳಿ" ಎನ್ನುತ್ತೇನೆ. ಹಲಸೂರಿನಲ್ಲಿ ಹುಟ್ಟಿ ಬೆಳೆದವಳು, ಬಾಯಿ ಸ್ವಲ್ಪ ಜೋರು. ಈ ಬಾಯಿಗೆ ಹೆದರದೆ ವರ್ಷಗಟ್ಟಲೆ ನನ್ನಲ್ಲಿಗೇ ಬರುತ್ತಿರುವವರಲ್ಲಿ ಭಗವಂತರಾಯ ಮೇಸ್ತ್ರಿ ಒಬ್ಬರು. ಒಳ್ಳೆಯ ಮನುಷ್ಯ. ಆ ಒಳ್ಳೆಯತನದಿಂದಲೇ ಒಂದು ತಪ್ಪು ಮಾಡಿ, ಈಗ ಅದನ್ನು ಎದೆಯಲ್ಲಿಟ್ಟುಕೊಂಡು ಓಡಾಡುತ್ತಿದ್ದಾರೆ. ಅವರ ಬಗ್ಗೆ ಬರೆಯಬೇಕೆಂದು ಕೂತಿರುವುದು ಅದಕ್ಕೇ.

ಮೇಸ್ತ್ರಿ ಯಾದಗಿರಿ ಕಡೆಯವರು. ಮದುವೆಯಾದ ಹೊಸತರಲ್ಲಿ ಹೆಂಡತಿ ಸಾಬಮ್ಮನ ಜೊತೆ ಬೆಂಗಳೂರಿಗೆ ಬಂದು, ಕೆ.ಆರ್. ಪುರದ ಚಿಕ್ಕಮುನಿಯಪ್ಪ ಎಂಬ ಹಳೆಯ ಮೇಸ್ತ್ರಿಯ ಕೈಕೆಳಗೆ ಇಬ್ಬರೂ ಗಾರೆ ಹೊತ್ತರು. ಆ ಚಿಕ್ಕಮುನಿಯಪ್ಪ ಒಮ್ಮೆ ಒಂದು ಗೋಡೌನಿಗೆ ಅವಸರವಸರವಾಗಿ ಕಾಂಪೌಂಡು ಎಬ್ಬಿಸಿದರಂತೆ. ಗೋಡೆಯಾಯಿತು, ಸಣ್ಣದೊಂದು ಗೇಟೂ ಆಯಿತು, ಸುಣ್ಣವೂ ಆಯಿತು. ಮಾಲೀಕ ಬಂದು ನೋಡಿದರೆ ಅವನ ಲಾರಿ ಒಳಗೇ ಉಳಿದಿದೆ! ಗೋಡೆ ಒಡೆದು ಲಾರಿ ಹೊರಗೆ ತೆಗೆದ ದಿನ ಚಿಕ್ಕಮುನಿಯಪ್ಪ ತಮ್ಮ ಗ್ಯಾಂಗಿನವರನ್ನೆಲ್ಲ ಕೂರಿಸಿಕೊಂಡು, "ಇನ್ಮೇಲೆ ಗಾರೆ ಕಲ್ಸೋಕ್ ಮುಂಚೆ ಮೂರು ಮಾತು ಕೇಳ್ರಪ್ಪ. ಯಾರಿಗೆ? ಯಾಕೆ? ಆಮೇಲೆ ಏನು? ಅಷ್ಟು ಕೇಳಿದ್ರೆ ಲಾರಿ ಒಳಗಡೆ ಉಳಿಯಲ್ಲ" ಎಂದಿದ್ದರು.

ಉಳಿದವರು ನಕ್ಕು ಮರೆತರು. ಭಗವಂತರಾಯರು ಮರೆಯಲಿಲ್ಲ. ತಾವೇ ಮೇಸ್ತ್ರಿಯಾಗಿ, ತಮ್ಮ ಕಡೆಯ ಜನರನ್ನು ಕಟ್ಟಿಕೊಂಡು ಕೆಲಸ ಹಿಡಿಯತೊಡಗಿದ ಮೇಲೆ ಆ ಮೂರು ಮಾತು ಅವರ ಭಾಷೆಗೆ ತಿರುಗಿದವು. "ಯಾರಿಗ್ರಿ? ಯಾಕ್ರಿ? ಮುಂದೇನ್ರಿ?" ಮೊಳೆ ತೆಗೆದುಕೊಳ್ಳಲು ಬಂದರೂ ಕೆಲಸ ಹೇಳಿದವರನ್ನು ಈ ಮೂರು ಕೇಳಿಯೇ ಬಂದಿರುತ್ತಿದ್ದರು. ಎಲ್ಲರಿಗೂ ಇದು ಹಿಡಿಸುತ್ತಿತ್ತು ಎಂದಲ್ಲ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಕರೀಂ ಭಾಯ್ ಮಾಲು ಇಡಲು ಅಟ್ಟ ಬೇಕೆಂದಾಗ ಮೇಸ್ತ್ರಿ, ಗಿರಾಕಿ ಕೇಳಿದಾಗೆಲ್ಲ ಏಣಿ ಹತ್ತುವವರು ಯಾರು, ಬಿದ್ದರೆ ಮುಂದೇನು ಎಂದು ಶುರುಮಾಡಿದರು. "ಅರೆ ಭಾಯ್, ನೀವು ಅಟ್ಟ ಕಟ್ಟೋಕ್ ಬಂದಿದೀರಾ, ನಿಕಾಹ್ ಮಾಡ್ಸೋಕಾ? ಖಾಜಿ ಸಾಬ್ರೂ ಇಷ್ಟು ಪ್ರಶ್ನೆ ಕೇಳಲ್ಲ!" ಎಂದು ಕರೀಂ ಭಾಯ್ ಕೆಲಸವನ್ನು ಬೇರೆಯವರಿಗೆ ಕೊಟ್ಟರು. ಅಟ್ಟ ಇವತ್ತಿಗೂ ಗಟ್ಟಿಯಾಗಿದೆ. ನಾನು ಹೋದಾಗೆಲ್ಲ ಕರೀಂ ಭಾಯ್ ಅದನ್ನು ತೋರಿಸಿ ನಗುತ್ತಾರೆ.

ಆಗ ಮೇಸ್ತ್ರಿ ಮತ್ತು ಅವರ ಗ್ಯಾಂಗಿನ ಮನೆಗಳೆಲ್ಲ ಲಿಂಗರಾಜಪುರದ ರೈಲು ಹಳಿಯ ಪಕ್ಕದ ಒಂದು ವಠಾರದಲ್ಲಿದ್ದವು. ನಡುವೆ ಅಂಗಳ, ಅಂಗಳದಲ್ಲಿ ನಲ್ಲಿ, ಸುತ್ತ ಶೀಟು ಹೊದೆಸಿದ ಖೋಲಿಗಳು. ಕೋಣೆಗೆ ಅವರು ಖೋಲಿ ಎನ್ನುತ್ತಾರೆ, ಕೇಳಿ ಕೇಳಿ ನನಗೂ ಅದೇ ಬರುತ್ತದೆ. ಗಂಡಸರು ಗಾರೆ ಕೆಲಸಕ್ಕೆ ಹೋದರೆ ಹೆಂಗಸರು ಬೆನ್ಸನ್ ಟೌನ್, ಇಂದಿರಾನಗರದ ಮನೆಗಳಿಗೆ ಕೆಲಸಕ್ಕೆ ಹೋಗುತ್ತಿದ್ದರು. ಹಗಲು ವಠಾರದಲ್ಲಿ ಉಳಿಯುತ್ತಿದ್ದವರು ಸಾಬಮ್ಮ ಒಬ್ಬರೇ.

ಸಾಬಮ್ಮನಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಮಂದವಾಗಿತ್ತು. ಬೆಳಕು ನೆರಳು ತಿಳಿಯುತ್ತಿತ್ತು, ಮುಖ ತಿಳಿಯುತ್ತಿರಲಿಲ್ಲ. ಆದರೆ ಆ ಅಂಗಳ ಅವರಿಗೆ ಅಂಗೈ ಇದ್ದಂತೆ. ನಲ್ಲಿಗೆ ಹೋಗುವುದು, ಕೊಡ ತುಂಬುವುದು, ಪಾಯಖಾನೆಗೆ ಹೋಗಿ ಬರುವುದು, ಮೂಲೆಯ ಅಂಗಡಿಯಲ್ಲಿ ಬೆಲ್ಲ ತರುವುದು, ಯಾವುದಕ್ಕೂ ಯಾರ ಕೈಯೂ ಬೇಡ. ಎಲ್ಲ ಮನೆಯ ಕೀಲಿಗಳೂ ಅವರ ಹತ್ತಿರವೇ. ಒಂದೊಂದು ಕೀಲಿಗೆ ಒಂದೊಂದು ಬಗೆಯ ದಾರದ ಗಂಟು ಹಾಕಿ, ಬೆರಳಲ್ಲೇ ಗುರುತು ಹಿಡಿಯುತ್ತಿದ್ದರು. ಪ್ಲಾಸ್ಟರ್ ಕೆಲಸದ ಲಕ್ಷ್ಮಿಕಾಂತ ಮಧ್ಯಾಹ್ನವೇ ಕುಡಿದು ಬಂದರೆ ಹೆಜ್ಜೆಯ ಸಪ್ಪಳದಲ್ಲೇ ತಿಳಿದು, "ಏ, ಕೀಲಿ ಕೊಡಂಗಿಲ್ಲ. ಅಲ್ಲೇ ಕಟ್ಟಿ ಮ್ಯಾಲ ಮಲಕೊ" ಎಂದು ಗದರುತ್ತಿದ್ದರು. ಆಳೆತ್ತರದ ಗಂಡಸು ಬಾಯಿ ಮುಚ್ಚಿಕೊಂಡು ಕಟ್ಟೆಯ ಮೇಲೆ ಮಲಗುತ್ತಿದ್ದ. ನಾನೇ ಒಮ್ಮೆ ಪೈಪು ಇಳಿಸಲು ಹೋದಾಗ ಕಣ್ಣಾರೆ ಕಂಡಿದ್ದೇನೆ.

ಜಾಗದ ಮಾಲೀಕರು ಅಪಾರ್ಟ್‌ಮೆಂಟ್ ಕಟ್ಟುತ್ತೇವೆ, ಖಾಲಿ ಮಾಡಿ ಎಂದರು. ಚದುರಿ ಹೋಗುವುದು ಬೇಡ, ಎಲ್ಲರೂ ಒಂದೇ ಕಡೆ ಹೋಗೋಣ ಎಂದು ಮೇಸ್ತ್ರಿ ಹಟ ಹಿಡಿದರು. ಮನೆ ಮನೆಗೆ ಹೋಗಿ ತಮ್ಮ ಮೂರು ಮಾತು ಕೇಳಿದರು. ಎಂಥ ಮನೆ ಬೇಕು, ಯಾರಿಗೆ ಬೇಕು, ಯಾಕೆ, ಹೋದ ಮೇಲೆ ಮುಂದೇನು. ಒಬ್ಬರಿಗೆ ಮಕ್ಕಳ ಶಾಲೆ ಹತ್ತಿರವಿರಬೇಕು. ಒಬ್ಬರಿಗೆ ಬೋರ್‌ವೆಲ್ ನೀರು ಬೇಕು. ಗ್ಯಾಂಗಿನ ಮುತ್ತಣ್ಣನ ಮಗಳು ಪ್ರಿಯದರ್ಶಿನಿಗೆ ಇಂದಿರಾನಗರದ ಬೊಟಿಕ್ಕಿನಲ್ಲಿ ಕೆಲಸ, ಅವಳಿಗೆ ಮೆಟ್ರೋ ಹತ್ತಿರ ಬೇಕು. ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಭಾನುವಾರಗಳಲ್ಲಿ ಸುತ್ತಿ ಸುತ್ತಿ, ಕಡೆಗೆ ಕೆ.ಆರ್. ಪುರದ ಸಂತೆಯ ಹಿಂದೆ ಒಂದು ಬಿಲ್ಡಿಂಗು ಹಿಡಿದರು. ನೀರಿತ್ತು, ಶಾಲೆಯಿತ್ತು, ನಡೆದರೆ ಮೆಟ್ರೋ ಸಿಗುತ್ತಿತ್ತು. ನನಗೆ ಬಂದು ಹೇಳಿದಾಗ ಹೊಗಳಿದೆ. ನಾನು ಯಾರನ್ನೂ ಅಷ್ಟು ಸುಲಭವಾಗಿ ಹೊಗಳುವವಳಲ್ಲ.

ಇನ್ನು ಯಾರಿಗೆ ಯಾವ ಖೋಲಿ ಎಂಬುದು. ಅವರ ಗ್ಯಾಂಗುಗಳಲ್ಲಿ ಒಂದು ರೂಢಿಯಿದೆ. ಸೈಟಿನ ಶೆಡ್ಡಾಗಲಿ, ಬಾಡಿಗೆ ಮನೆಯಾಗಲಿ, ಮೊದಲು ಆಳುಗಳು ಆರಿಸಿಕೊಳ್ಳಬೇಕು, ಉಳಿದದ್ದು ಮೇಸ್ತ್ರಿಗೆ. ಒಳ್ಳೆಯ ಖೋಲಿಯನ್ನು ತಾನೇ ಹಿಡಿದುಕೊಂಡ ಮೇಸ್ತ್ರಿಯ ಗ್ಯಾಂಗಿನಲ್ಲಿ ಆಳು ನಿಲ್ಲುವುದಿಲ್ಲ. ವಠಾರದ ಅಂಗಳದಲ್ಲಿ ಎಲ್ಲರೂ ಸೇರಿದ ಸಂಜೆ ಭಗವಂತರಾಯರು ಮೊದಲಿಗೇ, "ನೀವೆಲ್ಲ ಆರಿಸ್ಕೋರಿ. ಕಡೀ ಖೋಲಿ ನಮಗಿರಲಿ" ಎಂದುಬಿಟ್ಟರು. ಜನ ಭೇಷ್ ಎಂದರು. ನೆಲಮಹಡಿಯಲ್ಲಿ ನಲ್ಲಿಯ ಎದುರಿನ ಖೋಲಿ ಮುತ್ತಣ್ಣನಿಗೆ ಹೋಯಿತು. ಕಡೆಗೆ ಉಳಿದದ್ದು ತಾರಸಿಯ ಮೇಲಿನ ಶೀಟಿನ ಖೋಲಿ. ಅಲ್ಲಿ ಪಾಯಖಾನೆ ಇರಲಿಲ್ಲ, ಅದಕ್ಕೆ ಒಂದು ಮಹಡಿ ಇಳಿಯಬೇಕು. ಇಳಿಯುವ ಮೆಟ್ಟಿಲಿಗೆ ಒಂದು ಪಕ್ಕ ಗೋಡೆ, ಇನ್ನೊಂದು ಪಕ್ಕ ಏನೂ ಇಲ್ಲ.

ಅವತ್ತು ಊಟಕ್ಕೆ ಕೂತಾಗ ಸಾಬಮ್ಮ ಒಂದೇ ಮಾತು ಕೇಳಿದರು. "ಮೆಟ್ಟಲ ಭಾಳ ಅವೇನ್ರಿ?"

"ಏನ್ ಭಾಳ ಇಲ್ಲ. ರೂಢಿ ಆಗ್ತದ" ಎಂದರು ಮೇಸ್ತ್ರಿ.

ಹೊಸ ಜಾಗ ಎಲ್ಲರಿಗೂ ಒಗ್ಗಿತು. ಪ್ರಿಯದರ್ಶಿನಿ ಮೆಟ್ರೋದಲ್ಲಿ ಹೋಗಿ ಹೊತ್ತಿಗೆ ಸರಿಯಾಗಿ ಮನೆಗೆ ಬರತೊಡಗಿದಳು. ಮಕ್ಕಳು ಶಾಲೆಗೆ ಸೇರಿದವು. ಮೇಸ್ತ್ರಿ ಹಾಕಿದ ಪ್ಲಾನು ಎಂದರೆ ಪ್ಲಾನು ಎಂದು ಅವರ ಜನ ನನ್ನ ಅಂಗಡಿಯಲ್ಲೇ ಹೇಳಿಕೊಳ್ಳುತ್ತಿದ್ದರು. ಮೊದಮೊದಲು ಮುತ್ತಣ್ಣನ ಹೆಂಡತಿ ಶಾಂಭವಿ ಮೇಲೆ ಹೋಗಿ ಸಾಬಮ್ಮನ ಕೈಹಿಡಿದು ಇಳಿಸಿಕೊಂಡು ಬರುತ್ತಿದ್ದಳು. ಅವಳಿಗೂ ಎರಡು ಮನೆ ಕೆಲಸ ಹೆಚ್ಚಾಯಿತು, ಬರುವುದು ಕಡಿಮೆಯಾಯಿತು. ಹೊಸ ಬಾಗಿಲುಗಳ ಕೀಲಿಯನ್ನು ಅವರವರೇ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರು, ಒಂದು ಕೀಲಿ ಕೊಡಲು ಅಷ್ಟು ಮೆಟ್ಟಿಲು ಹತ್ತುವವರು ಯಾರು? ಮೇಸ್ತ್ರಿ ಬೆಳಗ್ಗೆ ಹೋದರೆ ಸಂಜೆಗೆ ಬರುವವರು. ಬಂದವರು "ಹ್ಯಾಂಗದೀ?" ಎನ್ನುತ್ತಿದ್ದರು. ಸಾಬಮ್ಮ "ಆರಾಮದೀನ್ರಿ" ಎನ್ನುತ್ತಿದ್ದರು. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಈ ಬೇಸಿಗೆಯಲ್ಲಿ ಒಂದು ಬೆಳಗ್ಗೆ ಮೇಸ್ತ್ರಿ ಫೋನು ಮಾಡಿದರು. "ಅಕ್ಕಾರ, ನಿಮ್ಮ ವ್ಯಾನ್ ಸ್ವಲ್ಪ ಕಳಸ್ತೀರೇನ್ರಿ? ಇಕಿಗೆ ಜ್ವರ ಇಳೀವಲ್ದು." ವ್ಯಾನಿನ ಜೊತೆ ನಾನೇ ಹೋದೆ. ತಾರಸಿಯ ಆ ಖೋಲಿಯನ್ನು ನಾನು ನೋಡಿದ್ದು ಅದೇ ಮೊದಲು. ಶೀಟಿನ ಕಾವಿಗೆ ಒಳಗೆ ನಿಲ್ಲಲಾಗುತ್ತಿರಲಿಲ್ಲ. ಸಾಬಮ್ಮನ ತುಟಿ ಒಣಗಿ ಬಿರಿದಿತ್ತು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಮೇಸ್ತ್ರಿಯೂ ಲಕ್ಷ್ಮಿಕಾಂತನೂ ಹೊತ್ತು ಇಳಿಸಿದರು. ತೆರೆದ ಪಕ್ಕದಲ್ಲಿ ಕಾಲಿಡುತ್ತಿದ್ದವನು ಲಕ್ಷ್ಮಿಕಾಂತ, ಅವತ್ತು ಕುಡಿದಿರಲಿಲ್ಲ ಸದ್ಯ.

ಡಾಕ್ಟರ್ ಮೆಹ್ವಿಶ್ ಅವರ ಕ್ಲಿನಿಕ್ ನಮ್ಮ ರಸ್ತೆಯಲ್ಲೇ ಇದೆ. ಅವರು ನೋಡಿ, ಮೂತ್ರದ ಸೋಂಕು ಜೋರಾಗಿದೆ, ಮೈಯಲ್ಲಿ ನೀರೇ ಇಲ್ಲ ಎಂದರು. ಆಮೇಲೆ ಕುರ್ಚಿ ಹತ್ತಿರಕ್ಕೆಳೆದುಕೊಂಡು ಕೇಳಿದರು.

"ಅಮ್ಮ, ನೀರು ಕುಡೀತೀರಾ?"

"ಕುಡೀತೀನ್ರಿ. ಮುಂಜಾನಿ."

"ಸರಿ, ಆಮೇಲೆ?"

"ಆಮ್ಯಾಲ ಸಂಜೀಕ. ಇವರು ಬಂದ ಮ್ಯಾಲ."

"ಮಧ್ಯದಲ್ಲಿ ಯಾಕೆ ಕುಡಿಯಲ್ಲ? ಇಷ್ಟು ಬಿಸಿಲಿದೆ, ಶುಗರ್ ಬೇರೆ ಇದೆ ನಿಮಗೆ."

"ಕುಡದ್ರ ಇಳೀಬೇಕಲ್ರಿ" ಎಂದರು ಸಾಬಮ್ಮ. "ಹಗಲಿಗೆ ನನ್ನ ಇಳಸಾಕ ಯಾರಿರ್ತಾರ?"

ದೂರಿನ ದನಿಯೇ ಇರಲಿಲ್ಲ. ಸಂತೆಯಲ್ಲಿ ಈರುಳ್ಳಿ ಏನು ರೇಟು ಎಂದರೆ ಹೇಳುತ್ತಾರಲ್ಲ, ಹಾಗೆ ಹೇಳಿದರು. ಮೇಸ್ತ್ರಿ ಗೋಡೆಗೆ ಒರಗಿ ನಿಂತಿದ್ದರು. ಅವರ ಮುಖ ನೋಡಬಾರದಿತ್ತು ಅನ್ನಿಸಿತು ನನಗೆ. ಡಾಕ್ಟರು ಇನ್ನೂ ಮಾತಾಡುತ್ತಿರುವಾಗಲೇ ಅವರು ಹೊರಗೆ ಹೋಗಿಬಿಟ್ಟರು.

ನಾನು ಹಿಂದೆ ಹೋದೆ. ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಕೂತಿದ್ದರು. "ಊರ ಮಂದೀನೆಲ್ಲ ಕೇಳ್ದೆ ಅಕ್ಕಾರ. ಯಾರಿಗಿ, ಯಾಕ, ಮುಂದೇನು ಅಂತ. ಮನ್ಯಾಗ ಇಕಿಗೊಂದು ಮಾತು ಕೇಳಲಿಲ್ಲ. ಮೆಟ್ಟಲ ಭಾಳ ಅವೇನು ಅಂತ ಅಕೀನ ಕೇಳಿದ್ಲು. ಇಲ್ಲ ಅಂತ ಸುಳ್ಳು ಹೇಳ್ದೆ."

ಸಮಾಧಾನದ ಮಾತು ನನಗೆ ಬಾಯಿಗೆ ಬರುವುದಿಲ್ಲ. "ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರಲ್ಲ, ಹಂಗಾಯ್ತು ನಿಮ್ಮದು" ಎಂದೆ. ಅವರು ಹೌದೆನ್ನುವಂತೆ ತಲೆಯಾಡಿಸಿದರು. ಎದುರು ಮಾತಾಡಿದ್ದರೆ ನನಗೂ ಹಗುರವಾಗುತ್ತಿತ್ತು.

ಸೋಂಕು ಔಷಧಿಗೆ ಬಗ್ಗಿತು. ಆದರೆ ರಕ್ತ ಪರೀಕ್ಷೆ ನೋಡಿದ ಡಾಕ್ಟರು, ಕಿಡ್ನಿಗೆ ಪೆಟ್ಟು ಬಿದ್ದಿದೆ, ಇನ್ನು ಮುಂದೆ ಕೆಡದಂತೆ ನೋಡಿಕೊಳ್ಳಬಹುದು, ಪೂರ್ತಿ ಮೊದಲಿನಂತೆ ಆಗುವುದಿಲ್ಲ ಎಂದರು. ಹೊತ್ತು ಹೊತ್ತಿಗೆ ನೀರು ಕುಡಿಯಲೇಬೇಕು ಎಂದು ಹೇಳಿ ಕಳಿಸಿದರು. ಮನೆಗೆ ಹೋದ ಮೇಲೆ ಗಂಡ ಹೆಂಡತಿಯ ನಡುವೆ ನಡೆದ ಮಾತನ್ನು ಸಾಬಮ್ಮನೇ ನನಗೆ ಆಮೇಲೆ ಹೇಳಿದರು. "ಬಾಯಿ ಬಿಟ್ಟು ನೀ ಯಾಕ ಹೇಳಲಿಲ್ಲ?" ಎಂದು ಮೇಸ್ತ್ರಿ ಕೇಳಿದರಂತೆ.

ಅದಕ್ಕೆ ಸಾಬಮ್ಮ, "ಎಲ್ಲಾರ ಮುಂದ ಕಡೀ ಖೋಲಿ ನಮಗಿರಲಿ ಅಂದ್ರಿ. ಮಂದಿ ಭೇಷ್ ಅಂದ್ರು. ನಾ ಅಲ್ಲೇ ಬಾಗಲದಾಗ ಕೂತು ಜ್ವಾಳ ಹಸನ ಮಾಡ್ಲಿಕತ್ತಿದ್ದೆ. ಆವಾಗ ನನಗ ಆಗಂಗಿಲ್ಲ ಅಂದಿದ್ರ ನಿಮ್ಮ ಮಾತು ಏನಾಗ್ತಿತ್ತು?" ಎಂದರಂತೆ.

ಮೇಸ್ತ್ರಿ ಅವತ್ತು ತಟ್ಟೆಯ ಮುಂದೆ ಕೂತು ಉಣ್ಣದೆ ಎದ್ದರು.

ಮಾರನೆಯ ದಿನ ಅಂಗಡಿ ತೆರೆಯುವಷ್ಟರಲ್ಲಿ ಬಂದು ನಿಂತಿದ್ದರು. ಕಂಬಿ ಹಾಕಲು ಪೈಪು ಬೇಕು, ಒಂದು ಕಮೋಡು ಬೇಕು, ಶೀಟು ಬೇಕು ಎಂದು ಒಂದೇ ಉಸಿರಿಗೆ ಹೇಳಿದರು. ತಾರಸಿಯ ಮೇಲೇ ಪಾಯಖಾನೆ ಕಟ್ಟಿಬಿಡುತ್ತಾರಂತೆ, ಮೆಟ್ಟಿಲಿಗೆ ಕಂಬಿ ಹಾಕುತ್ತಾರಂತೆ.

"ಓನರ್ ಒಪ್ಪಿದಾರಾ?" ಎಂದೆ.

"ಕೇಳಿಲ್ರಿ."

"ಸಾಬಮ್ಮಂಗೆ ಇದು ಬೇಕಂತಾ?"

ಮೇಸ್ತ್ರಿ ಪೈಪು ಆರಿಸತೊಡಗಿದರು. ನನಗೆ ಎಲ್ಲಿತ್ತೋ ಸಿಟ್ಟು. "ಮತ್ತೆ ಅದೇ ಕತೆ ಶುರು ಮಾಡ್ಕೊಂಡ್ರಲ್ಲ ಮೇಸ್ತ್ರಿ! ಅವರನ್ನ ಮೇಲೇನೇ ಇಟ್ಟು, ಅಲ್ಲೇ ಎಲ್ಲ ಕಟ್ಟಿಕೊಟ್ಬಿಟ್ರೆ ಮುಗೀತಾ? ಮಾತಾಡೋಕ್ ಒಂದು ಜನ ಬೇಡ್ವಾ ಅವರಿಗೆ? ಕೆಳಗಡೆ ಮುತ್ತಣ್ಣ ಇದಾನಲ್ಲ, ಖೋಲಿ ಅದಲು ಬದಲು ಮಾಡ್ಕೊಳಪ್ಪ ಅಂತ ಒಂದು ಮಾತು ಕೇಳೋಕೇನ್ ಕಷ್ಟ ನಿಮಗೆ?"

"ಮೇಸ್ತ್ರಿ ಕೇಳಿದ್ರ ಆಳು ಇಲ್ಲ ಅನ್ನಂಗಿಲ್ಲ ಅಕ್ಕಾರ. ಅದು ಕೇಳಿದಂಗಲ್ಲ, ಕಸಗೊಂಡಂಗ."

ಮಾತು ನಿಜವೇ. "ಹಂಗಾದ್ರೆ ಮೊದಲು ಸಾಬಮ್ಮನ್ನ ಕೇಳಿ ಬನ್ನಿ. ಅಲ್ಲೀವರೆಗೆ ಒಂದು ಮೊಳೇನೂ ಕೊಡಲ್ಲ ನಾನು" ಎಂದು ಕಳಿಸಿದೆ.

ಹೋಗಿ ಕೇಳಿದರು. "ನಿನಗೇನು ಬೇಕು?" ಎಂದು ಗಂಡ ಕೇಳಿದ್ದಕ್ಕೆ ಸಾಬಮ್ಮನಿಗೆ ಮೊದಲು ನಗು ಬಂತಂತೆ. ಇಷ್ಟು ವರ್ಷದಲ್ಲಿ ಸೀರೆಯ ಬಣ್ಣವನ್ನೂ ಕೇಳಿದವರಲ್ಲ. ಆಮೇಲೆ "ಕೆಳಗ ಇರಬೇಕ್ರಿ. ಮಂದಿ ಸಪ್ಪಳ ಕಿವೀಗಿ ಬೀಳಬೇಕು" ಎಂದರು. "ಆದ್ರ ಮುತ್ತಣ್ಣಗ ನೀವು ಕೇಳಬ್ಯಾಡ್ರಿ. ನನ್ನ ಇಳಸ್ರಿ, ನಾನ ಕೇಳ್ತೀನಿ."

ಭಾನುವಾರ ಮೇಸ್ತ್ರಿ ಹೆಂಡತಿಯ ಕೈಹಿಡಿದು, ತೆರೆದ ಪಕ್ಕದಲ್ಲಿ ತಾವು ನಿಂತು, ಒಂದೊಂದೇ ಮೆಟ್ಟಿಲು ಇಳಿಸಿಕೊಂಡು ಬಂದರು. ಔಷಧಿ ಕೊಡಲು ಹೋದ ನಾನೂ ಅಲ್ಲಿದ್ದೆ. ಬಿಲ್ಡಿಂಗಿನವರೆಲ್ಲ ಬಾಗಿಲಿಗೆ ಬಂದು ನೋಡಿದರು. ಅವರ ಕಡೆ ಈ ವಯಸ್ಸಿನ ಗಂಡಸು ಜನರೆದುರು ಹೆಂಡತಿಯ ಕೈ ಹಿಡಿಯುವುದಿಲ್ಲ. ಸಾಬಮ್ಮ ಮುತ್ತಣ್ಣನ ಹೊಸ್ತಿಲನ್ನು ಕೈಯಲ್ಲಿ ತಡವಿ ಕೂತು, ಸುತ್ತು ಬಳಸದೆ ಹೇಳಿದರು. "ಶಾಂಭವಿ, ನನಗ ಮ್ಯಾಲ ಆಗವಲ್ದವ್ವ. ನಿನಗ ತ್ರಾಸ ಆಗಂಗಿಲ್ಲ ಅಂದ್ರ ನಿನ್ನ ಖೋಲಿ ನನಗ ಕೊಡ್ತೀಯೇನು? ಆಗ್ತದಂದ್ರ ಆಗ್ತದ ಅನ್ನು, ನಾ ಏನೂ ತಿಳಕೊಳ್ಳಂಗಿಲ್ಲ."

ಶಾಂಭವಿ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. "ಅಯ್ಯ ಯಕ್ಕ, ಇದೊಂದ ಮಾತು ಕೇಳಾಕ ಇಷ್ಟ ದಿನಾ ಬೇಕಾತೇನ ನಿಮಗ? ಆವತ್ತ ರಾತ್ರೀನ ಇವರಿಗಂದೆ, ಯಕ್ಕ ಮ್ಯಾಲ ಹ್ಯಾಂಗ ಇರ್ತಾಳ, ಖೋಲಿ ಬಿಟ್ಟು ಕೊಡೂಣು ಅಂತ. ಮೇಸ್ತ್ರಿ ಎಲ್ಲಾರ ಮುಂದ ಹೇಳಿಬಿಟ್ಟಾರ, ನಾವು ಹ್ಯಾಂಗ ಅಡ್ಡ ಮಾತಾಡೋದು ಅಂದ್ರು ಇವರು. ನಾವೂ ಸುಮ್ಮನಾದ್ವಿ."

ಒಳಗಿನಿಂದ ಮುತ್ತಣ್ಣ ಬಂದ. "ಹೌದ್ರಿ ಮೇಸ್ತ್ರಿ. ಒಂದು ಮಾತು ಕೇಳಿದ್ರ ಆವತ್ತ ಕೊಡ್ತಿದ್ವಿ" ಎಂದ. ಪಾಪ, ಚುಚ್ಚಬೇಕೆಂದು ಹೇಳಿದ್ದಲ್ಲ. ಮೇಸ್ತ್ರಿಯ ಮನಸ್ಸು ಹಗುರವಾಗಲಿ ಎಂದೇ ಹೇಳಿದ. ಮೇಸ್ತ್ರಿ ಮೇಲೆ ಹೋಗಿ ಪಾತ್ರೆ ಪಗಡ ಇಳಿಸಲು ಶುರುಮಾಡಿದರು. ಲಕ್ಷ್ಮಿಕಾಂತ ಕೈಜೋಡಿಸಲು ಹೋದರೆ ಬಿಡಲಿಲ್ಲ, ತಮ್ಮ ಮನೆಯದನ್ನೂ ಮುತ್ತಣ್ಣನ ಮನೆಯದನ್ನೂ ತಾವೊಬ್ಬರೇ ಹೊತ್ತರು. ಆಮೇಲೆ ಆ ಮೆಟ್ಟಿಲಿಗೆ ಕಂಬಿಯನ್ನೂ ಹಾಕಿಸಿದರು, ಓನರನ್ನು ಕೇಳಿಯೇ.

ಈಗ ಸಾಬಮ್ಮ ನೆಲಮಹಡಿಯ ಬಾಗಿಲಲ್ಲಿ ಕೂತಿರುತ್ತಾರೆ. ಹಾದುಹೋಗುವವರನ್ನು ಹೆಜ್ಜೆ ಕೇಳಿ ಮಾತಾಡಿಸುತ್ತಾರೆ. ನಾನು ಹೋದರೆ, "ಬರ್ರಿ ಮಾರಿಯಾ ಅಕ್ಕಾರ, ಇವತ್ತು ಯಾರಿಗೆ ಬೈದು ಬಂದ್ರಿ?" ಎಂದು ನಗುತ್ತಾರೆ. ಕಾಲು ಮಾತ್ರ ಸಂಜೆಯ ಹೊತ್ತಿಗೆ ಊದಿಕೊಳ್ಳುತ್ತದೆ, ಪ್ರತಿ ತಿಂಗಳೂ ಪರೀಕ್ಷೆಗೆ ರಕ್ತ ಕೊಡಬೇಕು.

ಮೇಸ್ತ್ರಿ ಕೆಲಸಕ್ಕೆ ಹೋಗುತ್ತಾರೆ, ಗಿರಾಕಿಗಳನ್ನು ಪ್ರಶ್ನೆ ಕೇಳುತ್ತಾರೆ, ಬೈಸಿಕೊಳ್ಳುತ್ತಾರೆ. ಎಲ್ಲ ಸರಿಹೋಯಿತಲ್ಲ, ಇನ್ನಾದರೂ ಬಿಡಿ ಎಂದು ನಾನು ಅವರಿಗೆ ಹೇಳಿದ್ದೂ ಉಂಟು. ಹೂಂ ಎನ್ನುತ್ತಾರೆ. ಆದರೆ ನಾನು ಗಮನಿಸಿದ್ದೇನೆ. ಸಾಬಮ್ಮ ಚೊಂಬು ತುಂಬ ನೀರು ತೆಗೆದುಕೊಂಡು, ತಲೆಯೆತ್ತಿ, ಗಟಗಟನೆ ಕುಡಿಯಲು ಶುರುಮಾಡಿದರೆ ಮೇಸ್ತ್ರಿ ಅಲ್ಲಿ ನಿಲ್ಲುವುದಿಲ್ಲ. ಏನೋ ಮರೆತು ಬಂದವರಂತೆ ಎದ್ದು ಹೊರಗೆ ಹೋಗಿ, ಅವರು ಚೊಂಬು ಕೆಳಗಿಟ್ಟ ಸದ್ದು ಕೇಳಿದ ಮೇಲೆ ಒಳಗೆ ಬರುತ್ತಾರೆ.